ಗುಣದ ವೇಷದಲ್ಲಿರುವ ರೋಗ

ಶುಚಿತ್ವವು ಕರಾವಳಿಯ ಜನಜೀವನದಲ್ಲಿ ಬಹುಮಾನ್ಯವಾದ ಗುಣ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಅನೇಕ ಮನೆಗಳಲ್ಲಿ ಮಡಿ-ಮೈಲಿಗೆಯ ಎಚ್ಚರ ಇಂದಿಗೂ ಉಂಟು. ಆದುದರಿಂದಲೇ ಇಲ್ಲಿ ಒಂದು ರೋಗವು ಗುಣದ ವೇಷ ತೊಟ್ಟು ವರ್ಷಗಟ್ಟಲೆ ಮರೆಯಲ್ಲಿರಬಲ್ಲದು. ಕೈ ಕೆಂಪೇರುವವರೆಗೆ ತೊಳೆಯುತ್ತಲೇ ಇರುವ ಗೃಹಿಣಿಗೆ ‘ಮಡಿ ಹೆಚ್ಚು’ ಎನ್ನುತ್ತೇವೆ. ಬರೆದುದನ್ನೇ ಅಳಿಸಿ ಅಳಿಸಿ ಬರೆದು ಉತ್ತರಪತ್ರಿಕೆಯನ್ನು ಮುಗಿಸಲಾರದ ಬಾಲಕನನ್ನು ‘ಮೊಂಡ’ ಎನ್ನುತ್ತೇವೆ. ಇಂಥವರಲ್ಲಿ ಕೆಲವರಿಗಾದರೂ ಇರುವುದು ಗೀಳು ರೋಗ.

ಆಚಾರಕ್ಕೂ ಗೀಳಿಗೂ ಇರುವ ಅಂತರ ಸ್ಪಷ್ಟವಾದುದು. ಆಚಾರ ಮುಗಿದೊಡನೆ ಮನಸ್ಸು ನೆಮ್ಮದಿಗೊಳ್ಳುತ್ತದೆ. ಗೀಳಿಗೆ ಮುಕ್ತಾಯವೇ ಇಲ್ಲ. ಇದು ಅತಿಯೆಂದು ಬಹುತೇಕ ರೋಗಿಗಳು ತಾವೇ ಬಲ್ಲರು, ಆದರೂ ನಿಲ್ಲಿಸಲಾರರು.

ಏಕೆ ನಿಲ್ಲಿಸಲಾರರೆಂಬುದನ್ನು ವಿಜ್ಞಾನವು ಒಂದಿಷ್ಟು ತೋರಿಸಿಕೊಟ್ಟಿದೆ. ಮೆದುಳು ಗ್ಲೂಕೋಸನ್ನು ಬಳಸುವ ಪ್ರಮಾಣವನ್ನು ಅಳೆದು, ಅಮೆರಿಕದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 1987ರಲ್ಲಿ ವರದಿ ಪ್ರಕಟಿಸಿದರು. ಕಣ್ಣುಗಳ ಮೇಲ್ಭಾಗದ ಮುಮ್ಮೆದುಳೂ ಒಳಗಿನ ಕಾಡೇಟ್ ಎಂಬ ನರಗುಚ್ಛವೂ ಈ ರೋಗಿಗಳಲ್ಲಿ ಅತಿಯಾಗಿ ದುಡಿಯುತ್ತಿದ್ದವು. ‘ಏನೋ ತಪ್ಪಿದೆ, ಸರಿಪಡಿಸು’ ಎಂಬ ಸೂಚನೆ ಕೆಲಸ ಮುಗಿದ ಮೇಲೂ ಶಮನವಾಗದೆ ಸುತ್ತುತ್ತಿರುವುದೆಂದು ತಜ್ಞರು ಇದನ್ನು ವಿವರಿಸುತ್ತಾರೆ. ಅದೇ ತಂಡದ 1992ರ ವರದಿ ಇನ್ನೂ ಮಹತ್ವದ್ದು: ಔಷಧಿಯಿಂದ ಗುಣ ಕಂಡವರಲ್ಲಿಯೂ, ಔಷಧಿಯಿಲ್ಲದೆ ವರ್ತನಾ ಚಿಕಿತ್ಸೆಯಿಂದಲೇ ಗುಣ ಕಂಡವರಲ್ಲಿಯೂ ಬಲಬದಿಯ ಕಾಡೇಟಿನ ಅತಿದುಡಿಮೆ ತಗ್ಗಿತ್ತು. ಅಂಜಿಕೆಯನ್ನು ಎದುರಿಸಿ, ತೊಳೆಯದೆ ತಡೆದಿರುವುದನ್ನು ಮೆಲ್ಲಮೆಲ್ಲನೆ ಕಲಿಸುವ ಶಿಕ್ಷಣವೂ ಮೆದುಳನ್ನು ಮುಟ್ಟಬಲ್ಲದೆಂದಾಯಿತು. ಶಿಕ್ಷಕ ಸಮುದಾಯಕ್ಕೆ ಇದಕ್ಕಿಂತ ಭರವಸೆಯ ಮಾತು ಬೇರಿಲ್ಲ. ಆದರೆ ರೋಗನಿರ್ಣಯಕ್ಕೆ ಮೆದುಳಿನ ಚಿತ್ರ ಬೇಕಿಲ್ಲ. ವೈದ್ಯರು ಸಾವಧಾನವಾಗಿ ಮಾತನಾಡಿಸಿಯೇ ಅದನ್ನು ಗುರುತಿಸುತ್ತಾರೆ.

ರೋಗವು ಅನೇಕರಲ್ಲಿ ಬಾಲ್ಯ, ಹದಿಹರೆಯಗಳಲ್ಲೇ ತಲೆದೋರುವುದರಿಂದ ಅದನ್ನು ಮೊದಲು ಕಾಣುವ ಅವಕಾಶ ಶಾಲೆಯದು. ಗದರಿಕೆ, ದಂಡನೆಗಳಿಂದ ಗೀಳು ಅಡಗದು. ಮಗು ಅದನ್ನು ಬಚ್ಚಿಡಲು ಕಲಿಯುತ್ತದೆ, ಅಷ್ಟೆ. ಹಿಂದೆ ಘಟ್ಟ ಹತ್ತಿ ಧಾರವಾಡಕ್ಕೋ, ದಕ್ಷಿಣದ ಮಣಿಪಾಲಕ್ಕೋ ಹೋಗುವ ಯೋಚನೆಯೇ ಬಡ ಪಾಲಕರನ್ನು ಹಿಂಜರಿಸುತ್ತಿತ್ತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ದೂರವಾಣಿ ಸೇವೆ, ಸಂಖ್ಯೆ 14416, ಉಚಿತವಾಗಿ ಕನ್ನಡದಲ್ಲಿಯೂ ಮೊದಲ ಸಲಹೆ ನೀಡುತ್ತದೆ. ಆದರೆ ಚಿಕಿತ್ಸೆಗೆ ಪ್ರಯಾಣವೂ ಬೇಕು, ತಿಂಗಳುಗಳ ತಾಳ್ಮೆಯೂ ಬೇಕು.

ಕಟ್ಟಡಗಳಿಗೆ ಉದಾರವಾಗಿ ನೆರವಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇಂಥ ಒಂದೆರಡು ಮಕ್ಕಳ ಪ್ರಯಾಣ ಮತ್ತು ಔಷಧಿಯ ವೆಚ್ಚಕ್ಕಾಗಿ ಒಂದು ಸಣ್ಣ ನಿಧಿಯನ್ನಿರಿಸಲಿ. ಆ ದಾನಕ್ಕೆ ಶಿಲಾಫಲಕ ಬೇಡ. ಅರ್ಧಕ್ಕೆ ನಿಂತ ಉತ್ತರಪತ್ರಿಕೆಯೊಂದು ಪೂರ್ಣವಾದರೆ ಸಾಕು.