ಉಚಿತ ಇಮೇಲ್ ಆ್ಯಪ್‌ನ ಖರ್ಚು ಯಾರು ಕೊಡ್ತಾರೆ?

ಹೊಸ ಇಮೇಲ್ ಆ್ಯಪ್ ಬಂದಾಗ ಎಲ್ಲರೂ ಫೀಚರ್ ನೋಡುತ್ತಾರೆ. ನಾನು ಮೊದಲು ನೋಡುವುದು ಅದರ ಆದಾಯದ ಮೂಲ.

ಅನ್‌ರೋಲ್.ಮಿ ಎಂಬ ಉಚಿತ ಸೇವೆ ಬೇಡದ ಮೇಲ್‌ಗಳ ಕಾಟ ತಪ್ಪಿಸುತ್ತಿತ್ತು. ಅದರ ಮಾತೃಸಂಸ್ಥೆ ಸ್ಲೈಸ್, ಬಳಕೆದಾರರ ಇನ್‌ಬಾಕ್ಸ್‌ನಲ್ಲಿದ್ದ ಲಿಫ್ಟ್ ರಸೀದಿಗಳ ಮಾಹಿತಿಯನ್ನು ಹೆಸರು ಅಳಿಸಿ ಊಬರ್‌ಗೆ ಮಾರಿದ್ದು 2017ರಲ್ಲಿ ಬಯಲಾಯಿತು. 2019ರಲ್ಲಿ ಎಫ್‌ಟಿಸಿ, ಬಳಕೆದಾರರಿಗೆ ತಪ್ಪು ಭರವಸೆ ಕೊಟ್ಟಿದ್ದಕ್ಕೆ ಅನ್‌ರೋಲ್.ಮಿ ಮೇಲೆ ಕ್ರಮ ಕೈಗೊಂಡಿತು. ಇಂಥ ಡೇಟಾಗೆ ಹೆಡ್ಜ್ ಫಂಡ್‌ಗಳೂ ಗಿರಾಕಿಗಳೇ. ಕಂಪನಿಯ ಫಲಿತಾಂಶ ಬರುವ ಮೊದಲೇ ಅದರ ಮಾರಾಟ ಎಷ್ಟೆಂದು ಅಂದಾಜಿಸಲು ಅವಕ್ಕೆ ರಸೀದಿಗಳು ಬೇಕು.

ನಮ್ಮ ಇನ್‌ಬಾಕ್ಸ್‌ನಲ್ಲಿ ಏನಿಲ್ಲ ಹೇಳಿ? 401(ಕೆ) ಸ್ಟೇಟ್‌ಮೆಂಟ್, ಊರಿಗೆ ಕಳಿಸಿದ ದುಡ್ಡಿನ ರಸೀದಿ, ಎನ್‌ಆರ್‌ಇ ಖಾತೆಯ ವಿವರ.

ಆದ್ದರಿಂದ ಹೊಸ ಆ್ಯಪ್ ತರುವವರಿಗೆ ನನ್ನ ಮಾತು ಇಷ್ಟೇ: ‘ನಿಮ್ಮ ಪ್ರೈವೆಸಿ ನಮಗೆ ಮುಖ್ಯ’ ಎಂದರೆ ಸಾಲದು. ನೇರವಾಗಿ ಶುಲ್ಕ ಕೇಳಿ. ನಮ್ಮ ಮೇಲ್ ನಿಮ್ಮ ಸರ್ವರ್‌ನಲ್ಲಿ ಉಳಿಯುತ್ತದೆಯೇ, ಎಷ್ಟು ದಿನ ಎಂದು ಹೇಳಿ. ಹೊರಗಿನವರಿಂದ ಸೆಕ್ಯೂರಿಟಿ ಆಡಿಟ್ ಮಾಡಿಸಿ, ವರದಿ ತೋರಿಸಿ. ಶುಲ್ಕವೊಂದೇ ಭರವಸೆಯಲ್ಲ. ತಿಂಗಳಿಗೆ 30 ಡಾಲರ್ ಪಡೆಯುತ್ತಿದ್ದ ಸೂಪರ್‌ಹ್ಯೂಮನ್ ಕೂಡ, ಮೇಲ್ ಯಾವಾಗ, ಎಲ್ಲಿ ತೆರೆದರೆಂದು ಕಳಿಸಿದವರಿಗೆ ತೋರಿಸಿ 2019ರಲ್ಲಿ ಟೀಕೆಗೆ ಗುರಿಯಾಯಿತು.

ನೀವು ಇವತ್ತೇ ಮಾಡಬಹುದಾದದ್ದು ಒಂದಿದೆ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಆ್ಯಪ್‌ಗೆ ಅನುಮತಿ ಕೊಟ್ಟಿದ್ದೀರಿ ನೋಡಿ. ಬಳಸದ್ದನ್ನು ತೆಗೆದುಹಾಕಿ. ಫೋನಿನಿಂದ ಆ್ಯಪ್ ಅಳಿಸಿದರೂ ಆ ಅನುಮತಿ ಹಾಗೇ ಉಳಿದಿರುತ್ತದೆ.