ಕರಾರು ಎಲ್ಲರಿಗೂ ಒಂದೇ ಇರಲಿ

ಒಬ್ಬೊಬ್ಬ ಕೆಲಸಗಾರನೊಡನೆ ಒಂದೊಂದು ಕರಾರು ಮಾಡಿಕೊಳ್ಳುವುದೇ ಸ್ವಾತಂತ್ರ್ಯವೆಂದು ಮಾಲಕರು ಹೇಳುತ್ತಾರೆ. ಮನೆಯಲ್ಲಿ ಜೋಳದ ಹಿಟ್ಟಿಲ್ಲದವನು ಯಾವ ಚೌಕಾಶಿ ಮಾಡಿಯಾನು?

ಪಾಳಿ, ರಜೆ, ಶಿಸ್ತುಕ್ರಮಗಳ ನಿಯಮಗಳು ಎಲ್ಲರಿಗೂ ಒಂದೇ ಆಗಿ, ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಕಾರಖಾನೆಯ ಬಾಗಿಲ ಬಳಿ ಹಚ್ಚಿರಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆ ಹೇಳಿತ್ತು. ಅದರ ಬದಲು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಈ ಕಟ್ಟು 300 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಮಾತ್ರ. ಸಣ್ಣ ಗಿರಣಿ ಹೊರಗುಳಿಯಿತು.

ನುರಿತವನಿಗೆ ಹೆಚ್ಚು ಕೂಲಿ ಕೊಡಲು ನಮ್ಮ ತಕರಾರಿಲ್ಲ. ಆದರೆ ಕೆಲಸದಿಂದ ತೆಗೆಯುವ ರೀತಿ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಆಗಕೂಡದು. ವ್ಯಾಪಾರಿ ಬಂಧುಗಳೇ, ಅಂಗಡಿಯಲ್ಲಿ ನಾಲ್ಕೇ ಆಳುಗಳಿದ್ದರೂ ಬರೆದಿಟ್ಟ ನಿಯಮ ಜಗಳ ತಪ್ಪಿಸುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕೆಲಸಗಾರರು ಒಂದಾಗಿ ಕೇಳಲಿ: ಕಾಯಿದೆ ಒತ್ತಾಯಿಸದಲ್ಲಿ ಸಂಘ ಒತ್ತಾಯಿಸಬೇಕು.