ಕಡೆಯ ದಿನಾಂಕವೂ ಜೋಳದ ರಾಶಿಯೂ

ವಿಜಯಪುರ ಜಿಲ್ಲೆಯ ದಿನಪತ್ರಿಕೆಗಳ ಒಳಪುಟದಲ್ಲಿ, ಟೆಂಡರು ಪ್ರಕಟಣೆಗೂ ಶ್ರದ್ಧಾಂಜಲಿಯ ಚೌಕಟ್ಟಿಗೂ ನಡುವೆ, ಗೇಣಿಗಿಂತ ಕಡಮೆ ಸ್ಥಳದಲ್ಲಿ ಕಾಣಿಸಿಕೊಂಡು ಮರುದಿನವೇ ಕಿರಾಣಿ ಅಂಗಡಿಯ ಪೊಟ್ಟಣವಾಗಿ ಪರಿಣಮಿಸುವ ಸಮಾಚಾರವೊಂದುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ರಾಷ್ಟ್ರೀಯ ಯುವ ಸ್ವಯಂಸೇವಕರ ಆಯ್ಕೆಗಾಗಿ ಅರ್ಜಿಗಳನ್ನು ಆಹ್ವಾನಿಸಲಾಗಿದೆ, ವಯಸ್ಸು 18ರಿಂದ 29ರ ಒಳಗಿರಬೇಕು, ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು, ಕಾಲೇಜಿಗೆ ಹೋಗುತ್ತಿರುವ ವಿದ್ಯಾರ್ಥಿಯಾಗಿರಕೂಡದು, ತಿಂಗಳಿಗೆ 5,000 ರೂಪಾಯಿ ಗೌರವಧನ, ಕಡೆಯ ದಿನಾಂಕ ಇಂಥದು. ಇಷ್ಟೇ ಅದರ ಒಕ್ಕಣೆ. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷದಲ್ಲಿ ಹುಟ್ಟಿದ ನೆಹರು ಯುವ ಕೇಂದ್ರದ ಹೆಸರಿನಿಂದ ಹೊರಡುತ್ತ ಬಂದ ಈ ಕರೆಯ ಹಿಂದಿರುವ ಉದ್ದೇಶ ನಿಸ್ಸಂದೇಹವಾಗಿಯೂ ಉದಾತ್ತವಾದುದು: ತಾಲೂಕಿಗೆ ಇಬ್ಬರಂತೆ ತರುಣ ತರುಣಿಯರನ್ನು ಆರಿಸಿ, ತರಬೇತಿಯನ್ನಿತ್ತು, ಊರೂರಿನ ಯುವಕ ಮಂಡಳಗಳನ್ನೂ ಯುವತಿ ಮಂಡಳಗಳನ್ನೂ ಎಚ್ಚರಗೊಳಿಸುವುದು, ಆರೋಗ್ಯ, ಸಾಕ್ಷರತೆ, ಶುಚಿತ್ವ ಮೊದಲಾದ ವಿಷಯಗಳಲ್ಲಿ ಸರ್ಕಾರದ ಮಾತನ್ನು ಜನರಿಗೂ ಜನರ ಮಾತನ್ನು ಸರ್ಕಾರಕ್ಕೂ ಮುಟ್ಟಿಸುವುದು. ನನ್ನ ತಕರಾರು ಈ ಉದ್ದೇಶದ ಮೇಲಲ್ಲ, ಆ ಕಡೆಯ ದಿನಾಂಕದ ಮೇಲೆ.

ಅದೆಂತೆಂದರೆ, ಈ ಕರೆ ಬಹುಮಟ್ಟಿಗೆ ಬರುತ್ತಿದ್ದುದು ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ. ಏಪ್ರಿಲ್ ಒಂದಕ್ಕೆ ಹೊಸ ಲೆಕ್ಕ ತೆರೆಯತಕ್ಕ ಕಚೇರಿಗೆ ಅದು ಅನುಕೂಲವಾದ ಕಾಲವೇ ಸರಿ. ಆದರೆ ಡೋಣಿ ನದಿಯ ಎರೆಭೂಮಿಯಲ್ಲಿ ಬಿಳಿಜೋಳವನ್ನು ಕಿತ್ತು ರಾಶಿ ಮಾಡುವ ಅವಸರವೂ, ತೋಟಗಳಲ್ಲಿ ದ್ರಾಕ್ಷಿ ಕೊಯ್ದು ಒಣಗಿಸುವ ಶೆಡ್ಡುಗಳಿಗೆ ಆಳು ಸಾಲದೆ ಬರುವ ಪರದಾಟವೂ ಒದಗುವುದು ಅದೇ ಕಾಲದಲ್ಲಿ. ದೀಪಾವಳಿಯನ್ನು ಮುಗಿಸಿ ಕಬ್ಬು ಕಡಿಯಲು ಹೋದ ಗ್ಯಾಂಗುಗಳು ಆಗಿನ್ನೂ ಮರಳಿರುವುದಿಲ್ಲ. ಪುಣೆ, ಮುಂಬಯಿ, ಗೋವೆಗಳ ಕಟ್ಟಡಗಳ ಮೇಲೆ ದುಡಿಯಲು ಗುಳೆ ಹೋದವರು ಯುಗಾದಿಗೋ ಊರ ಜಾತ್ರೆಗೋ ಬಂದಾರೆಂದು ಮುದುಕರು ದಾರಿ ನೋಡುತ್ತಿರುತ್ತಾರೆ. ಹೀಗೆ ಹಳ್ಳಿಯ ತರುಣನು ಹಳ್ಳಿಯಲ್ಲಿಯೇ ಇಲ್ಲದಂಥ, ಇದ್ದರೂ ತಲೆಯೆತ್ತಲು ಬಿಡುವಿಲ್ಲದಂಥ ಹದಿನೈದು ದಿವಸಗಳನ್ನು ಗೊತ್ತುಮಾಡಿ, ಆ ಹದಿನೈದು ದಿವಸಗಳಲ್ಲಿ ಅರ್ಜಿ ಬಾರದಿದ್ದರೆ ಗ್ರಾಮೀಣ ಯುವಜನರಲ್ಲಿ ಸೇವಾಭಾವ ಕ್ಷೀಣಿಸಿದೆಯೆಂದು ವೇದಿಕೆಯ ಮೇಲೆ ವ್ಯಥೆಪಡುವುದು ಯಾವ ನ್ಯಾಯ?

ಇನ್ನು ಅರ್ಜಿಯ ವಿಧಾನ. ಕಾಗದದ ಅರ್ಜಿ ಹೋಗಿ ಅಂತರ್ಜಾಲದ ಅರ್ಜಿ ಬಂದುದರಿಂದ ಲಂಚವೂ ವಿಳಂಬವೂ ಕಡಮೆಯಾದುವೆಂಬುದನ್ನು ಅಲ್ಲಗಳೆಯಲಾರೆ. ಆದರೂ ತಾಲೂಕು ಸ್ಥಳದ ಬಸ್ ನಿಲ್ದಾಣದ ಎದುರಿನ ಯಾವುದಾದರೊಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ತಾಸು ನಿಂತು ನೋಡಿದವರಿಗೆ ಮತ್ತೊಂದು ಸಂಗತಿ ತಿಳಿಯುತ್ತದೆ. ಹನ್ನೊಂದು ಗಂಟೆಯ ಬಸ್ಸಿಗೆ ಬಂದ ಹುಡುಗಿ, ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕು, ಜಾತಿ-ಆದಾಯ ಪ್ರಮಾಣಪತ್ರ, ನಾಲ್ಕು ಭಾವಚಿತ್ರ, ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ತಂದಿದ್ದಾಳೆ. ಅಂಗಡಿಯವನು ಹೆಸರು ತುಂಬಿದ, ಸಂಖ್ಯೆ ತುಂಬಿದ. ಯಂತ್ರವು ಓಟಿಪಿ ಕೇಳಿತು. ಆಧಾರಿಗೆ ಜೋಡಿಸಿದ ಮೊಬೈಲು ಅಣ್ಣನದು, ಅಣ್ಣ ಪುಣೆಯಲ್ಲಿ. ಅಂಗಡಿಯವನ ಫೋನಿನಿಂದಲೇ ಮಾತು ನಡೆಯುತ್ತದೆ: “ಅಣ್ಣಾ, ಓಟಿಪಿ ಬಂತೇನು? ಲಗೂ ಹೇಳು, ಹೋಗಿಬಿಡ್ತದ.” ಅತ್ತಲಿಂದ, “ತಡಿಯವ್ವಾ, ಸೆಂಟ್ರಿಂಗ್ ಮ್ಯಾಲ ಅದೀನಿ, ಕೆಳಗ ಇಳೀತೀನಿ.” ಅವನು ಇಳಿಯುವಷ್ಟರಲ್ಲಿ ಓಟಿಪಿಯ ಅವಧಿ ತೀರುತ್ತದೆ. ಎರಡನೆಯ ಸಲ ಸಂಖ್ಯೆ ದೊರೆತರೆ, ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕಡೆಗೆ. ತಂದೆಯ ಹೆಸರಿನಲ್ಲಿ ಒಂದು ಕಡೆ ‘ಅಪ್ಪ’ ಇದೆ, ಇನ್ನೊಂದು ಕಡೆ ಇಲ್ಲ. ಆಧಾರ್ ತಿದ್ದಿಸಿಕೊಂಡು ಬಾ ಎನ್ನುತ್ತಾನೆ ಅಂಗಡಿಯವನು. ಅವನ ತಪ್ಪೇನೂ ಇಲ್ಲ. ಆ ಹುಡುಗಿಯ ಸೇವಾಭಾವವನ್ನು ಪರೀಕ್ಷಿಸತಕ್ಕ ಸಂದರ್ಶನದ ಬಾಗಿಲಿಗೆ ಅವಳು ಇನ್ನೂ ಬಂದೇ ಇಲ್ಲ.

ಪ್ರಾಚೀನರ ವಿಷಯವನ್ನು ಎತ್ತಿದೊಡನೆ ಸಂಪಾದಕರು ಹುಬ್ಬು ಗಂಟಿಕ್ಕುತ್ತಾರೆಂಬುದನ್ನು ಬಲ್ಲೆ. ಆದರೂ, ಸ್ವಯಂಸೇವಕನೆಂಬವನು ಸಿದ್ಧವಾಗಿ ದೊರೆಯುವ ಪದಾರ್ಥವಲ್ಲ, ಹುಡುಕಿ ತಿದ್ದಿ ಮಾಡಬೇಕಾದವನು ಎಂಬುದನ್ನು ನಮ್ಮ ಈ ಭಾಗದವರೇ ದೇಶಕ್ಕೆ ತೋರಿಸಿಕೊಟ್ಟಿದ್ದರೆಂಬುದನ್ನು ಹೇಳದೆ ಇರಲಾರೆ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದಾಗ ಅವರ ಹಟವೆಲ್ಲ ಶಿಬಿರದ ಶಿಕ್ಷಣದ ಮೇಲೆ, ಶಿಸ್ತಿನ ಮೇಲೆ ಇತ್ತು. ಮರುವರ್ಷವೇ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಆ ಶಿಸ್ತು ಕೆಲಸಕ್ಕೆ ಬಂತು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ನಿಲ್ಲಿಸಿದಾಗ, ಬರಗಾಲದ ಈ ಜಿಲ್ಲೆಯಲ್ಲಿ ಜನ ತಾವಾಗಿ ಬಂದು ಬಾಗಿಲು ತಟ್ಟಲಿ ಎಂದು ಕುಳಿತವರಲ್ಲ.

ಬಾಗೇವಾಡಿಯ ಹೆಸರು ಬಂದ ಮೇಲೆ ಬಸವಣ್ಣನವರ ಹೆಸರು ಬಾರದೆ ಇರುವುದುಂಟೆ? ಯುವ ಸಮಾವೇಶಗಳಲ್ಲಿ ಕಾಯಕವೇ ಕೈಲಾಸವೆಂಬ ಮಾತನ್ನು ಹೇಳಿ, ಗೌರವಧನದ ಕಡೆ ಕಣ್ಣಿಡುವ ತರುಣರನ್ನು ನಾಚಿಸುವ ಭಾಷಣಕಾರರುಂಟು. ಶರಣರ ಕಾಯಕವು ಪುಕ್ಕಟೆಯ ದುಡಿಮೆಯಲ್ಲ. ಕಾಯಕದಿಂದ ಬಂದ ಸತ್ಯಶುದ್ಧವಾದ ಸಂಪಾದನೆಯಿಂದಲೇ ದಾಸೋಹ ನಡೆಯತಕ್ಕದ್ದೆಂಬುದು ಅವರ ನಿಲುವು. ಆದುದರಿಂದ ತಿಂಗಳಿಗೆ ಐದು ಸಾವಿರವನ್ನು ಬಯಸುವುದರಲ್ಲಿ ಲಜ್ಜೆಯೇನೂ ಇಲ್ಲ. ಇದು ನೌಕರಿಯಲ್ಲವೆಂದೂ, ಇದರಿಂದ ನೌಕರಿಯ ಹಕ್ಕು ಹುಟ್ಟುವುದಿಲ್ಲವೆಂದೂ, ಹೆಚ್ಚೆಂದರೆ ಎರಡು ವರ್ಷವೆಂದೂ ಯೋಜನೆಯೇ ಸ್ಪಷ್ಟವಾಗಿ ಸಾರುತ್ತದೆ. ಅದನ್ನು ತಿಳಿದೇ ಬರುವ ತರುಣನ ಮುಂದೆ ಮತ್ತೆ ತ್ಯಾಗದ ಉಪದೇಶ ಅನಾವಶ್ಯಕ.

ಸ್ವಯಂಸೇವೆಯ ಮಾತು ಹೀಗಾದರೆ, ಇದೇ ಹಳ್ಳಿಯ ತರುಣರಿಗಾಗಿ ಇರುವ ಕೌಶಲ ತರಬೇತಿಯ ವಿಷಯದಲ್ಲಿ ಪರಿಸ್ಥಿತಿ ತುಸು ಬೇರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳನ್ನು ಜತೆಗೂಡಿಸಿಕೊಂಡು ಉಜಿರೆಯಲ್ಲಿ ಪ್ರಾರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರವೇ ಎತ್ತಿಕೊಂಡು ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿಸಿತು. ವಿಜಯಪುರದಲ್ಲಿಯೂ ಅದರ ಶಾಖೆಯುಂಟು. ಊಟ ವಸತಿಯೊಡನೆ ಉಚಿತ ಶಿಕ್ಷಣ, ಮುಗಿದ ಮೇಲೆ ಎರಡು ವರ್ಷಗಳ ಕಾಲ ಬೆನ್ನ ಹಿಂದೆ ನಿಂತು ವಿಚಾರಿಸಿಕೊಳ್ಳುವ ಪದ್ಧತಿ, ಇವೆರಡೂ ಅದರ ಶಕ್ತಿ; ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿನದೆಂದು ನನ್ನ ಎಣಿಕೆ. ಇದಲ್ಲದೆ 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2017ರ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಎಂದು ಮುಂತಾಗಿ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಹೊಲಿಗೆ, ಬ್ಯೂಟಿಪಾರ್ಲರು, ಮೊಬೈಲು ರಿಪೇರಿ, ಕಂಪ್ಯೂಟರು ಎಂಬ ನಾಲ್ಕರ ಸುತ್ತಲೇ ಹಳ್ಳಿಯ ಮಾತು ತಿರುಗುತ್ತಿರುವುದೇಕೆ? ಮುಳವಾಡ, ಚಿಮ್ಮಲಗಿ, ಗುತ್ತಿಬಸವಣ್ಣ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಒಣನೆಲಕ್ಕೆ ಹತ್ತಿದ ಮೇಲೆ ಇಲ್ಲಿ ಪಂಪು ಬಿಚ್ಚಿ ಮೋಟಾರು ಸುತ್ತಬಲ್ಲವನು, ಹನಿ ನೀರಾವರಿಯ ಕೊಳವೆಯ ಹದವರಿತವನು ಪ್ರತಿ ಊರಿಗೂ ಬೇಕು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ದರ ಕುಸಿದ ದಿನ ಕಾಯಿಯನ್ನು ಉಪ್ಪಿನಕಾಯಿಯಾಗಿಯೋ ರಸವಾಗಿಯೋ ಮಾಡಿ ಉಳಿಸಿಕೊಳ್ಳುವ ವಿದ್ಯೆಯೇ ಅಲ್ಲಿಯ ತರುಣರಿಗೆ ಕೌಶಲವಲ್ಲವೆ? ತರಬೇತಿಗೆ ಅರ್ಜಿ ಕಡಮೆ ಬರುವುದಕ್ಕೆ ಅಜ್ಞಾನವೊಂದೇ ಕಾರಣವೆಂದು ನಾನು ಒಪ್ಪಲಾರೆ. ಕಲಿತುದು ಊರಲ್ಲಿ ಉಪಯೋಗಕ್ಕೆ ಬರುವುದೋ ಇಲ್ಲವೋ ಎಂದು ಲೆಕ್ಕ ಹಾಕುವಷ್ಟು ಬುದ್ಧಿ ನಮ್ಮವರಿಗುಂಟು.

ಹಾಗಾದರೆ ಏನು ಮಾಡಬೇಕು? ಹೊಸ ಯೋಜನೆಯನ್ನಂತೂ ಬೇಡಲಾರೆ. 2023ರ ಅಕ್ಟೋಬರ್ 31ರಂದು ‘ಮೇರಾ ಯುವ ಭಾರತ’ವೆಂಬ ಹೊಸ ವ್ಯವಸ್ಥೆ ಬಂದುದರಿಂದ ಯುವ ಕೇಂದ್ರದ ಫಲಕಗಳು ಬದಲಾದುವು, ಜೆರಾಕ್ಸ್ ಅಂಗಡಿಯ ಸಾಲು ಬದಲಾಗಲಿಲ್ಲ. ಅರ್ಜಿಯ ಕಾಲವನ್ನು ಯುಗಾದಿಯಿಂದ ಕಾರಹುಣ್ಣಿಮೆಯ ಒಳಗೆ ಇಡಲಿ. ಆಗ ಗುಳೆ ಹೋದವರು ಊರಲ್ಲಿರುತ್ತಾರೆ, ಬಿತ್ತನೆ ಇನ್ನೂ ಹತ್ತಿರುವುದಿಲ್ಲ. ಅರ್ಜಿಯನ್ನು ತುಂಬುವ ಕೆಲಸ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರವೆಂದು ಕರೆಯಲ್ಪಡುವ ಆ ಕೋಣೆಯಲ್ಲಿ, ಮೇಲ್ವಿಚಾರಕರ ಕೈಯಿಂದ ನಡೆಯಲಿ. ಅದಕ್ಕಾಗಿ ಅವರಿಗೆ ಅರ್ಜಿಯೊಂದಕ್ಕೆ ಇಷ್ಟೆಂದು ಸಲ್ಲಿಸುವುದು ದೊಡ್ಡ ಖರ್ಚಿನ ಬಾಬಲ್ಲ. ಸುದ್ದಿಯನ್ನು ಪತ್ರಿಕೆಗೂ ವಾಟ್ಸಾಪಿಗೂ ಬಿಟ್ಟು ಕೂಡದೆ, ಸಂತೆಯ ದಿನ ಡಂಗುರ ಹೊಡೆಸಲಿ. ನಗುವವರು ನಗಲಿ, ಡಂಗುರದ ಮಾತು ಮೊಬೈಲಿಲ್ಲದ ಹೆಣ್ಣುಮಕ್ಕಳಿಗೂ ಕೇಳಿಸುತ್ತದೆ.

ಮತ್ತೊಂದು ಮಾತು. ಹಳೆಯ ಎಲ್ಲೆಗಳ ಲೆಕ್ಕದಲ್ಲಿ ಈ ನಾಲ್ಕು ತಾಲೂಕುಗಳ ಪೈಕಿ ಒಂದೊಂದರಲ್ಲಿಯೂ ನೂರಕ್ಕೆ ಕಡಮೆಯಿಲ್ಲದ ಹಳ್ಳಿಗಳುಂಟು. ಅಷ್ಟರಲ್ಲಿ ಆಯ್ಕೆಯಾಗುವವರು ಇಬ್ಬರು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮುಂತಾಗಿ ಹೊಸ ತಾಲೂಕುಗಳು ಒಡೆದ ಮೇಲೆ, ತನ್ನ ಊರು ಯಾವ ತಾಲೂಕಿನ ಲೆಕ್ಕಕ್ಕೆ ಸೇರುವುದೆಂಬುದನ್ನು ಅರ್ಜಿದಾರನು ಪ್ರಕಟಣೆಯಿಂದಲೇ ತಿಳಿಯುವಂತಿರಬೇಕು. ಆಯ್ಕೆ ಮುಗಿದ ಬಳಿಕ ಆ ಇಬ್ಬರ ಹೆಸರನ್ನಷ್ಟೇ ಅಲ್ಲ, ತಾಲೂಕಿನಿಂದ ಬಂದ ಅರ್ಜಿಗಳೆಷ್ಟು, ತಿರಸ್ಕೃತವಾದುವೆಷ್ಟು, ಯಾವ ಕಾರಣಕ್ಕೆ ಎಂಬುದನ್ನೂ ಪಂಚಾಯತಿಯ ಗೋಡೆಗೆ ಅಂಟಿಸಲಿ. ಇಪ್ಪತ್ತೊಂಬತ್ತು ನಡೆಯುತ್ತಿರುವ ತರುಣನೊಬ್ಬನು ತಂದೆಯ ಹೆಸರಿನ ಒಂದಕ್ಷರದ ದೆಸೆಯಿಂದ ಈ ವರ್ಷ ಹೊರಗುಳಿದರೆ, ಮುಂದಿನ ವರ್ಷ ಅವನಿಗೆ ವಯಸ್ಸೇ ಅಡ್ಡ ಬರುತ್ತದೆ; ಅಂಥವರಿಗೆ ತಿದ್ದಿಕೊಳ್ಳಲು ಎಂಟು ದಿವಸಗಳ ಅವಕಾಶ ಕೊಡುವುದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.